ಮುದಿ ಲ್ಯಾಪ್‌ಟಾಪಿಗೊಂದು ನಾಯಿಮರಿ

ಲ್ಯಾಪ್‌ಟಾಪಿಗೆ ಹತ್ತು ವರ್ಷವೆಂದರೆ ಮನುಷ್ಯನಿಗೆ ತೊಂಬತ್ತು ಎಂದು ನೆಹರೂ ಪ್ಲೇಸಿನ ಅಂಗಡಿಯವನೊಬ್ಬ ನಮಗೆ ತಿಳಿಯಹೇಳಿದ. ನಾವು ಅವನ ಮುಂದಿಟ್ಟಿದ್ದು 2009ರಲ್ಲಿ ಕೊಂಡದ್ದು. ಹತ್ತು ಅಂಗುಲದ ಪರದೆ, ಆಟಮ್ ಪ್ರೊಸೆಸರ್, ಒಂದು ಜಿಬಿ ಮೆಮೊರಿ, ಒಳಗೆ ವಿಂಡೋಸ್ ಎಕ್ಸ್‌ಪಿ. ಆ ಕಾಲದಲ್ಲಿ ಇಂಥವಕ್ಕೆ ನೆಟ್‌ಬುಕ್ ಎಂಬ ಮುದ್ದಿನ ಹೆಸರಿತ್ತು. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನವರು 2014ರ ಏಪ್ರಿಲಿನಲ್ಲೇ ಎಳ್ಳುನೀರು ಬಿಟ್ಟರು. ನಮ್ಮದು ಆಮೇಲೂ ಕೆಲವು ವರ್ಷ ಕುಂಟುತ್ತಾ ನಡೆದು, ಕೊನೆಗೆ ಗುಂಡಿ ಒತ್ತಿದರೆ ನೀಲಿ ಪರದೆಯನ್ನು ಕ್ಷಣಮಾತ್ರ ತೋರಿಸಿ ತಾನೇ ಆರಿಹೋಗುವ ಸ್ಥಿತಿಗೆ ಬಂತು. ಅಂಗಡಿಯವನು ಐನೂರು ರೂಪಾಯಿ ಕೊಡಲು ಸಿದ್ಧನಿದ್ದ. ಒಳಗಿರುವ ಕಡತಗಳನ್ನು ತೆಗೆದುಕೊಡಬೇಕಾದರೆ ಮಾತ್ರ ನಾವೇ ಅವನಿಗೆ ಆರು ಸಾವಿರ ಕೊಡಬೇಕಂತೆ. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ನಾವು ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ರೋ ಹತ್ತಿದೆವು.

ಐನೂರಕ್ಕೆ ಬಿಟ್ಟುಕೊಡಲಾಗದಂಥದ್ದು ಅದರಲ್ಲಿ ಏನಿತ್ತೆಂದರೆ, ನಮ್ಮ ಅಪ್ಪಯ್ಯನವರ ಬರವಣಿಗೆ. ಅವರು ಸಾಗರ ಸೀಮೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತಾಗ ಅವರ ಊರು ಮುಳುಗಿತು. ಅವರಿಗಾಗ ಹದಿನಾರು ವರ್ಷ. ಮೇಷ್ಟರಾಗಿ ನಿವೃತ್ತರಾದ ಮೇಲೆ ಮೂರು ಚಳಿಗಾಲ ನಮ್ಮಲ್ಲಿಗೆ ಬಂದು ಉಳಿದಿದ್ದರು. ದಿಲ್ಲಿಯ ಚಳಿಗೆ ಹೊರಗೆ ಕಾಲಿಡಲಾರದೆ, ಹೀಟರಿನ ಪಕ್ಕದಲ್ಲಿ ಕಂಬಳಿ ಹೊದ್ದು, ಇದೇ ಪುಟ್ಟ ಯಂತ್ರದಲ್ಲಿ ‘ನುಡಿ’ ತಂತ್ರಾಂಶ ಬಳಸಿ ಎರಡು ಬೆರಳಿನಲ್ಲಿ ಕುಟ್ಟುತ್ತಿದ್ದರು. 2019ರಲ್ಲಿ ಅವರು ತೀರಿಕೊಂಡರು. ಊರಿನ ನೆಂಟರು ಫೋನು ಮಾಡಿದಾಗಲೆಲ್ಲ, “ಯಾವ ಮನೆಯವರು ಎಲ್ಲಿಗೆ ಹೋದರು ಅಂತ ಮೇಷ್ಟ್ರು ಪಟ್ಟಿ ಮಾಡಿದ್ದರಲ್ಲ, ಅದು ಇದೆಯಾ?” ಎಂದು ಕೇಳುತ್ತಿದ್ದರು. ಮುಳುಗಿದ ಊರಿನ ಪಟ್ಟಿ ಇನ್ನಾರ ಬಳಿ ಇರಬೇಕು?

ದಾರಿ ಹುಡುಕಿದವಳು ಮಗಳು. “ಅಪ್ಪ, ಸತ್ತಿರೋದು ವಿಂಡೋಸ್, ಡಿಸ್ಕ್ ಅಲ್ಲದೇ ಇರಬಹುದು. ಪೆನ್‌ಡ್ರೈವಿನಿಂದ ಲಿನಕ್ಸ್ ಹಾಕಿ ನೋಡೋಣ” ಎಂದಳು. ಲಿನಕ್ಸ್ ಎಂದರೆ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ತಿರುಳು. ಆ ತಿರುಳಿಗೆ ಬೇರೆ ಬೇರೆ ಜನ ಬೇರೆ ಬೇರೆ ಸಾಮಗ್ರಿ ಕೂಡಿಸಿ ಹಂಚುವುದಕ್ಕೆ ಡಿಸ್ಟ್ರೋ ಎನ್ನುತ್ತಾರೆ. ಅಕ್ಕಿ ಒಂದೇ, ಒಬ್ಬರ ಮನೆಯಲ್ಲಿ ಚಿತ್ರಾನ್ನ, ಇನ್ನೊಬ್ಬರಲ್ಲಿ ಪುಳಿಯೋಗರೆ. ಆದರೆ ಹೆಸರಾಂತ ಅಡುಗೆಮನೆಗಳು ನಮ್ಮಂಥವರಿಗೆ ಎಲೆ ಹಾಕುವುದನ್ನು ನಿಲ್ಲಿಸಿವೆ. ನಮ್ಮದು 32 ಬಿಟ್ಟಿನ ಯಂತ್ರ. ಉಬುಂಟುವಿನವರು 2017ರಲ್ಲೇ ಅಂಥ ಯಂತ್ರಗಳಿಗೆ ಡೆಸ್ಕ್‌ಟಾಪ್ ಪ್ರತಿ ಕೊಡುವುದನ್ನು ಬಿಟ್ಟರು. ಹಳಬರ ಆಶ್ರಯದಾತ ಡೆಬಿಯನ್ ಕೂಡ 2025ರ ಆವೃತ್ತಿಯಲ್ಲಿ ಬಾಗಿಲು ಹಾಕಿತು. ಉಳಿದ ಕೆಲವೇ ಮಂದಿಯಲ್ಲಿ ‘ಪಪ್ಪಿ ಲಿನಕ್ಸ್’ ಒಂದು. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಎಂಬವರು 2003ರಲ್ಲಿ ಹಳೆಯ ಯಂತ್ರಗಳನ್ನು ಕಣ್ಣಮುಂದಿಟ್ಟುಕೊಂಡು ಶುರುಮಾಡಿದ್ದು. ಹೆಸರು ಅವರ ಸಾಕುನಾಯಿಯಿಂದ ಬಂದದ್ದು. ಈಗ ಅದನ್ನು ಸ್ವಯಂಸೇವಕರು ನೋಡಿಕೊಳ್ಳುತ್ತಾರೆ. ನಾವು ಆರಿಸಿದ್ದು 2019ರಲ್ಲಿ ಹೊರಬಂದ ಬಯಾನಿಕ್‌ಪಪ್ 8.0ರ 32 ಬಿಟ್ ಪ್ರತಿ. ಇಡೀ ವ್ಯವಸ್ಥೆ ಒಂದು ಸಿಡಿಯಲ್ಲಿ ಆರಾಮವಾಗಿ ಹಿಡಿಯುತ್ತದೆ.

ಮಗಳ ಯಂತ್ರದಲ್ಲಿ ಅದನ್ನು ಇಳಿಸಿ ಪೆನ್‌ಡ್ರೈವಿಗೆ ಬರೆದು, ಮುದುಕನಿಗೆ ಸಿಕ್ಕಿಸಿ, ಪೆನ್‌ಡ್ರೈವಿನಿಂದಲೇ ಎಚ್ಚರಾಗು ಎಂದು ಹೇಳಿದ್ದಾಯಿತು. ಕಪ್ಪು ಪರದೆಯ ಮೇಲೆ ಒಂದೊಂದೇ ಸಾಲು ಮೂಡಿತು. ಪಪ್ಪಿಯ ವಿಶೇಷ ಇಲ್ಲೇ ಇರುವುದು: ಅದು ಹಾರ್ಡ್ ಡಿಸ್ಕಿನ ತಂಟೆಗೆ ಹೋಗದೆ ತನ್ನ ಗಂಟುಮೂಟೆಯನ್ನೆಲ್ಲ ಮೆಮೊರಿಯೊಳಗೆ ಇಳಿಸಿಕೊಂಡು ಅಲ್ಲೇ ಬಿಡಾರ ಹೂಡುತ್ತದೆ. ಹಾಗಾಗಿ ಒಂದು ಜಿಬಿಯ ಬಡವನೂ ಓಡಾಡಬಲ್ಲ. ಸ್ವಲ್ಪ ಹೊತ್ತಿನಲ್ಲಿ ಬಣ್ಣದ ಪರದೆ ಬಂತು, ಸ್ಪೀಕರಿನಿಂದ “ಬೌ ಬೌ” ಎಂಬ ಸದ್ದೂ ಬಂತು. ಒಳಗೆ ಚಪಾತಿ ಲಟ್ಟಿಸುತ್ತಿದ್ದ ನಮ್ಮ ಶ್ರೀಮತಿಯವರು ಬೀದಿನಾಯಿ ನುಗ್ಗಿತೆಂದು ಲಟ್ಟಣಿಗೆ ಹಿಡಿದೇ ಹೊರಬಂದರು. ಓದುಗರು ನಂಬಬೇಕು, ಡೆಸ್ಕ್‌ಟಾಪ್ ಬಂದೊಡನೆ ಬೊಗಳುವುದು ಪಪ್ಪಿಯ ಹಳೆಯ ಸಂಪ್ರದಾಯ.

ಪರದೆಯ ಕೆಳಮೂಲೆಯಲ್ಲಿ ಡಿಸ್ಕುಗಳ ಚಿತ್ರಗಳು ಸಾಲಾಗಿ ಕೂತಿದ್ದವು. ಒಂದರ ಮೇಲೆ ಒಮ್ಮೆ ಒತ್ತಿದರೆ ಸಾಕು, ಎರಡು ಸಲ ಕುಟ್ಟಬೇಕಿಲ್ಲ. ತೆರೆಯಿತು. ಹೆಸರಿಗೆ ಸತ್ತ ವಿಂಡೋಸಿನ ಮನೆಯೊಳಗೆ ಎಲ್ಲವೂ ಇಟ್ಟ ಹಾಗೇ ಇತ್ತು: ಅಪ್ಪಯ್ಯನವರ ಫೋಲ್ಡರ್, ಅದರಲ್ಲಿ ಮೂವತ್ತೊಂದು ಕಡತ. ಮೊದಲು ಅಷ್ಟನ್ನೂ ಬೇರೊಂದು ಪೆನ್‌ಡ್ರೈವಿಗೆ ಎತ್ತಿಟ್ಟೆವು. ಆರು ಸಾವಿರದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು.

ಮುಗಿಯಿತೆಂದು ಕಡತ ತೆರೆದರೆ ಕನ್ನಡವೇ ಇಲ್ಲ! ಪಪ್ಪಿಯ ಜೊತೆ ಬರುವ ಅಬಿವರ್ಡ್ ಎಂಬ ತಂತ್ರಾಂಶ ಕಡತವನ್ನೇನೋ ಬಿಚ್ಚಿತು. ತೋರಿಸಿದ್ದು ನೆತ್ತಿಯ ಮೇಲೆ ಗೀಟು ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ‘ಕ’ ಇರಬೇಕಾದಲ್ಲಿ ಪಿ, ‘ನ’ ಇರಬೇಕಾದಲ್ಲೆಲ್ಲ ಬ್ರಿಟಿಷರ ಪೌಂಡಿನ ಗುರುತು. ಅಜ್ಜನ ಕಡತ ಕೆಟ್ಟೇಹೋಯಿತೆಂದು ಮಗಳು ಕಣ್ಣು ತುಂಬಿಕೊಂಡಳು.

ಕೆಟ್ಟಿರಲಿಲ್ಲ. ಇದು ನಮ್ಮಲ್ಲಿ ಬಹಳ ಮನೆಗಳ ಕಥೆಯಾದ್ದರಿಂದ ಸ್ವಲ್ಪ ವಿವರಿಸಬೇಕು. ಕನ್ನಡ ಅಕ್ಷರಗಳಿಗೆ ಯೂನಿಕೋಡಿನಲ್ಲಿ 1991ರಲ್ಲೇ ಸ್ವಂತ ಸಂಖ್ಯೆಗಳು ಸಿಕ್ಕಿದ್ದವು. ಬಳಕೆಗೆ ಬರಲು ಮಾತ್ರ ತಡವಾಯಿತು. ಅಲ್ಲಿಯತನಕ ನುಡಿ, ಬರಹ, ಶ್ರೀಲಿಪಿ ಮೊದಲಾದವು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿ ಕೆಲಸ ಸಾಗಿಸಿದವು. ಕಡತದೊಳಗೆ ಇರುವುದು ಪೌಂಡಿನ ಗುರುತೇ. ನುಡಿಯ ಫಾಂಟು ಅದಕ್ಕೆ ‘ನ’ಕಾರದ ವೇಷ ಹಾಕುತ್ತದೆ. ಫಾಂಟಿಲ್ಲದ ಊರಿಗೆ ಹೋದರೆ ವೇಷ ಕಳಚುತ್ತದೆ. ಹಾಗಾದರೆ ಫಾಂಟು ಎಲ್ಲಿ? ಅದೇ ಡಿಸ್ಕಿನಲ್ಲಿ, ವಿಂಡೋಸಿನ ಫಾಂಟ್ಸ್ ಫೋಲ್ಡರಿನಲ್ಲಿ! ‘ನುಡಿ 01 ಇ’ ಎಂಬುದನ್ನು ಎತ್ತಿ ಪಪ್ಪಿಯ ಫಾಂಟುಗಳ ಜೊತೆ ಇಟ್ಟು, ಪರದೆಯನ್ನು ಒಮ್ಮೆ ಮುಚ್ಚಿ ತೆರೆದೆವು. ಪೌಂಡುಗಳೆಲ್ಲ ‘ನ’ಕಾರಗಳಾಗಿ ಕುಳಿತವು. ಮೊದಲ ಸಾಲಿನಲ್ಲೇ ಅಪ್ಪಯ್ಯನವರು ಸೊಸೆಯ ಕಾಫಿಯನ್ನು ಹೊಗಳಿದ್ದರು. ಶ್ರೀಮತಿಯವರು ಮಾತಾಡದೆ ಲಟ್ಟಣಿಗೆ ಹಿಡಿದು ಒಳಗೆ ಹೋದರು.

ಆದರೂ ವೇಷ ವೇಷವೇ. ಫೋನಿನಲ್ಲಿ ನೆಂಟರಿಗೆ ಕಳಿಸಬೇಕಾದರೆ ಯೂನಿಕೋಡಿಗೆ ತರಬೇಕು. ಅದಕ್ಕೆಂದೇ ಕನ್ನಡದ ಉತ್ಸಾಹಿಗಳು ಮಾಡಿಟ್ಟ ಉಚಿತ ಪರಿವರ್ತಕಗಳಿವೆ. ಯೂನಿಕೋಡಿನ ಫಾಂಟುಗಳೂ ಉಚಿತವಾಗಿ ಸಿಗುತ್ತವೆ. ನಾವು ಹಾಕಿಕೊಂಡವುಗಳ ಹೆಸರು ಗುಬ್ಬಿ, ನವಿಲು. ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಾಯಿಮರಿ, ಗುಬ್ಬಿ, ನವಿಲು ಮೂರನ್ನೂ ಒಟ್ಟಿಗೆ ಸಾಕಿದ ಹೆಮ್ಮೆ ನಮ್ಮದು. ಪರಿವರ್ತಕ ಶೇಕಡಾ ನೂರು ಸರಿಯಾಗಿ ಮಾಡುವುದಿಲ್ಲ. ನಡುನಡುವೆ ಬರೆದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡದ ಚೂರುಗಳಾಗಿ ಹೊರಬರುತ್ತವೆ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ ಬರುತ್ತದೆ, ಯೂನಿಕೋಡಿನಲ್ಲಿ ರೇಫವೇ ಮೊದಲು. ಆ ಸ್ಥಾನಪಲ್ಲಟದಲ್ಲಿ ಒಮ್ಮೊಮ್ಮೆ ಎಡವುತ್ತದೆ. ಕುಳಿತು ಓದಿ ತಿದ್ದಬೇಕು.

ತಿದ್ದಲು ಟೈಪಿಸಬೇಕಲ್ಲ. ಪಪ್ಪಿಯ ಕೀಲಿಮಣೆಗಳ ಪಟ್ಟಿಯಲ್ಲಿ ಹುಡುಕಿದರೆ ಭಾರತದ ಕೆಳಗೆ ಕನ್ನಡ, ಅದರಲ್ಲೂ ‘ಕಗಪ’ ಎಂಬ ವಿನ್ಯಾಸ! ಕನ್ನಡ ಗಣಕ ಪರಿಷತ್ತಿನ ಹೆಸರಿನದು. ಅಪ್ಪಯ್ಯನವರು ನುಡಿಯಲ್ಲಿ ಕುಟ್ಟುತ್ತಿದ್ದುದೂ ಅದನ್ನೇ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ನಾಯಿಮರಿಯ ಕೊರಳಲ್ಲಿ ಬೆಂಗಳೂರಿನ ಪಟ್ಟಿ ಕಂಡು ನಮಗೆ ಆದ ಸಂತೋಷವನ್ನು ಹೊರನಾಡಿನಲ್ಲಿ ಇರುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಭಾನುವಾರದ ಮಧ್ಯಾಹ್ನಗಳಲ್ಲಿ ಮಗಳು ಗಟ್ಟಿಯಾಗಿ ಓದುತ್ತಾಳೆ, ನಾವು ತಿದ್ದುತ್ತೇವೆ. ದಿಲ್ಲಿಯಲ್ಲೇ ಬೆಳೆದ ಅವಳಿಗೆ ಒತ್ತಕ್ಷರ ಬಂದಾಗ ನಾಲಿಗೆ ತಡವರಿಸುತ್ತದೆ. “ಮನೆಯ ಬಾಗಿಲುವಾಡ ಕಳಚಿ ಲಾರಿಗೆ ಹಾಕಿದರು ಅಂತ ಬರೆದಿದ್ದಾರೆ ಅಜ್ಜ. ಬಾಗಿಲು ಮಾತ್ರ ಯಾಕೆ?” ಎಂದು ಕೇಳಿದಳು. ನಮಗೆ ಗೊತ್ತಿರಲಿಲ್ಲ. ಎರಡು ಪುಟದ ಮುಂದೆ ಅಪ್ಪಯ್ಯನವರೇ ಉತ್ತರ ಬರೆದಿದ್ದರು: ಹಲಸಿನ ಮರದ್ದು, ಹೊಸ ಜಾಗದಲ್ಲಿ ಅಂಥ ಮರ ಸಿಗಲಾರದೆಂದು. ಪಟ್ಟಿಯೂ ಸಿಕ್ಕಿತು. ಇಪ್ಪತ್ತೇಳು ಮನೆ; ಯಜಮಾನರ ಹೆಸರು, ಹೋದ ಊರು. ನಾಲ್ಕರ ಮುಂದೆ “ತಿಳಿಯದು” ಎಂದಿತ್ತು. ನೆಂಟರಿಗೆ ಕಳಿಸಿದ ವಾರದೊಳಗೆ ಆ ನಾಲ್ಕರಲ್ಲಿ ಎರಡು ಮನೆಯ ಮೊಮ್ಮಕ್ಕಳು ತಾವೇ ಫೋನು ಮಾಡಿದರು.

ಪಪ್ಪಿಯಲ್ಲಿ ಕೊರತೆ ಇಲ್ಲವೆಂದಲ್ಲ. ಬ್ಯಾಟರಿ ಸತ್ತಿರುವುದು ಯಂತ್ರದ ಕರ್ಮ, ಬಿಡಿ. ಆದರೆ ವೈಫೈ ಹಿಡಿಸಲು ಒಂದು ಸಂಜೆ ಹೋಯಿತು. ಇದರಲ್ಲಿ ಬಳಕೆದಾರ ಮೊದಲಿನಿಂದಲೇ ಸರ್ವಾಧಿಕಾರಿ, ಏನನ್ನು ಅಳಿಸಿದರೂ “ಹೌದೇ?” ಎಂದು ತಡೆಯುವ ಹಿರಿಯರಿಲ್ಲ. ಬ್ಯಾಂಕಿನ ವ್ಯವಹಾರವನ್ನು ಇಂಥ ಹಳೆಯ ಆವೃತ್ತಿಯಲ್ಲಿ ಮಾಡಕೂಡದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೊದಲ ಸಲ ಯಂತ್ರ ಆರಿಸುವಾಗ ಈವರೆಗಿನದನ್ನು ಉಳಿಸಲೇ ಎಂದು ಅದು ಕೇಳುತ್ತದೆ. ಹೌದೆಂದರೆ ಮಾತ್ರ ಹಾಕಿದ ಫಾಂಟು, ಕೀಲಿಮಣೆ ಮುಂದಿನ ಸಲಕ್ಕೆ ಉಳಿಯುತ್ತವೆ. ಇಲ್ಲವೆಂದರೆ ನಾಯಿಮರಿ ಎಲ್ಲ ಮರೆತು ಹೊಸದಾಗಿ ಬೊಗಳುತ್ತದೆ.

ಇನ್ನು ಏಳು ಕಡತ ತಿದ್ದುವುದಿದೆ. ನಮ್ಮ ಸಂಘದ ಸದಸ್ಯರಲ್ಲಿ ಅನೇಕರ ಮನೆಯ ಬೀರುವಿನಲ್ಲಿ ಇಂಥ ಯಂತ್ರ, ಅದರೊಳಗೆ ನುಡಿಯಲ್ಲೋ ಬರಹದಲ್ಲೋ ಬರೆದಿಟ್ಟ ಹಿರಿಯರ ಕಾಗದ, ವಂಶಾವಳಿ, ಹಾಡಿನ ಪುಸ್ತಕ ಇದ್ದೀತು. ಪೌಂಡಿನ ಗುರುತು ಕಂಡು ಗಾಬರಿಯಾಗಿ ಅಳಿಸಬೇಡಿ, ಯಂತ್ರವನ್ನು ಗುಜರಿಗೂ ಕೊಡಬೇಡಿ. ಭಾನುವಾರ ಸಂಜೆ ಸಂಘದ ಗ್ರಂಥಾಲಯದಲ್ಲಿ ಪೆನ್‌ಡ್ರೈವಿನೊಡನೆ ನಾವು ಇರುತ್ತೇವೆ. ಚಾರ್ಜರನ್ನು ಮರೆಯದೆ ತನ್ನಿ.