ಎರಡು ಬಾಗಿಲು, ನಲವತ್ತೆಂಟು ಅಂಕಿ

ಸೋಮವಾರ ಬೆಳಿಗ್ಗೆ 9ಕ್ಕೆ ನನ್ನ ಥೀಸಿಸ್‌ನ ಮಧ್ಯಂತರ ಪ್ರೆಸೆಂಟೇಶನ್. ಭಾನುವಾರ ರಾತ್ರಿ ಹನ್ನೊಂದೂವರೆಗೆ ಲ್ಯಾಪ್‌ಟಾಪ್ ಮಲಗಿಬಿಡ್ತು.

ನಮ್ಮಲ್ಲಿ ತುಂಬಾ ಜನರದ್ದು ಇರೋ ಹಾಗೆ ನನ್ನದೂ ಎರಡು ಮನೆಯ ಸಂಸಾರ. ಒಂದು ಎಸ್‌ಎಸ್‌ಡಿಯಲ್ಲಿ ವಿಂಡೋಸ್, ಆಮೇಲೆ ಹಾಕಿಸಿದ ಎರಡನೇದರಲ್ಲಿ ಉಬುಂಟು. ಸ್ಲೈಡುಗಳು ವಿಂಡೋಸ್‌ನಲ್ಲಿ, ಎರಡು ತಿಂಗಳ ಸಿಮ್ಯುಲೇಶನ್ ಫಲಿತಾಂಶ ಉಬುಂಟುವಿನಲ್ಲಿ. ಬ್ಯಾಕಪ್ ಎಲ್ಲಿ ಅಂತ ದಯವಿಟ್ಟು ಕೇಳಬೇಡಿ.

ಆ ರಾತ್ರಿ ಉಬುಂಟು ಅಪ್‌ಡೇಟ್ ಕೇಳ್ತು, ಕೊಟ್ಟೆ. ಟರ್ಮಿನಲ್‌ನಲ್ಲಿ ಕೊನೆಗೆ ನಾಲ್ಕೈದು ಸಾಲು ಏನೋ ದೂರು ಹೇಳ್ತಾ ಇತ್ತು. ಓದದೆ ಮುಚ್ಚಿದೆ. ರೀಸ್ಟಾರ್ಟ್ ಮಾಡಿದ್ರೆ ಕಪ್ಪು ಪರದೆ, ಅದರ ತುಂಬ ಬಿಳಿ ಅಕ್ಷರ, ಕೊನೆಯಲ್ಲಿ 'ಕರ್ನಲ್ ಪ್ಯಾನಿಕ್'. ಕರ್ನಲ್‌ಗಿಂತ ಮೊದಲು ಪ್ಯಾನಿಕ್ ಆದದ್ದು ನಾನು. ಲಿನಕ್ಸ್ ಏಳದಿದ್ರೆ ಮೊದಲು ಸೆಕ್ಯೂರ್ ಬೂಟ್ ಆಫ್ ಮಾಡು ಅಂತ ಯಾವಾಗಲೋ ಒಬ್ಬ ಸೀನಿಯರ್ ಹೇಳಿದ್ದರು. ಬಯೋಸ್‌ಗೆ ಹೋಗಿ ಆಫ್ ಮಾಡಿದೆ. ಉಬುಂಟು ಅದೇ ಹಾಡು. ಸರಿ, ಕೊನೇ ಪಕ್ಷ ಸ್ಲೈಡ್ ಆದ್ರೂ ನೋಡೋಣ ಅಂತ ವಿಂಡೋಸ್ ಆರಿಸಿದ್ರೆ ನೀಲಿ ಪರದೆ: ಬಿಟ್‌ಲಾಕರ್ ರಿಕವರಿ ಕೀ ಕೊಡಿ. 48 ಅಂಕಿ.

ಒಂದು ಬಾಗಿಲು ಕೆಟ್ಟಿತ್ತು. ಇನ್ನೊಂದಕ್ಕೆ ಬೀಗ ಹಾಕಿದವನು ನಾನೇ.

ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರಬಹುದು ಅಂತ ಪರದೆ ಹೇಳ್ತಿತ್ತು. ಫೋನಿನಲ್ಲಿ ನನ್ನ ಖಾತೆ ತೆಗೆದು ನೋಡಿದೆ, ಖಾಲಿ. ಆಗ ನೆನಪಾಯ್ತು. ಈ ಲ್ಯಾಪ್‌ಟಾಪ್ ಕೊಂಡಾಗ ಅಂಗಡಿಯ ಹುಡುಗ ಸೆಟಪ್ ಮಾಡ್ತಾ 'ಒಂದು ಮೇಲ್ ಐಡಿ ಹೇಳಿ' ಅಂದಿದ್ದ. ದುಡ್ಡು ಕೊಡ್ತಾ ಇದ್ದ ಅಪ್ಪ ತಮ್ಮದನ್ನು ಹೇಳಿದ್ದರು. ಮೊದಲ ಸಲ ಯಾವ ಖಾತೆಯಿಂದ ಒಳಗೆ ಹೋಗ್ತೀವೋ, ಎನ್‌ಕ್ರಿಪ್ಶನ್ ಕೀ ಆ ಖಾತೆಗೆ ಹೋಗಿ ಕೂರುತ್ತೆ. ಅಂದರೆ ನನ್ನ ಕೀ ತಿಪಟೂರಿನಲ್ಲಿ ಇತ್ತು.

ಇಲ್ಲಿ ಜರ್ಮನಿಯಲ್ಲಿ ರಾತ್ರಿ ಒಂದು ಗಂಟೆ, ಚಳಿಗಾಲದ ಲೆಕ್ಕದಲ್ಲಿ ಊರಲ್ಲಿ ಬೆಳಿಗ್ಗೆ ಐದೂವರೆ. ಅಪ್ಪ ಎದ್ದಿರ್ತಾರೆ. ಫೋನ್ ಎತ್ತಿದ ತಕ್ಷಣ 'ಏನಾಯ್ತೋ?' ಅಂದರು. ಈ ಹೊತ್ತಿಗೆ ಮಗ ಫೋನ್ ಮಾಡಿದರೆ ಅಪ್ಪಂದಿರು ಏನು ಅಂದುಕೊಳ್ತಾರೋ ಅದು ಆ ಧ್ವನಿಯಲ್ಲಿತ್ತು.

'ಏನಿಲ್ಲಪ್ಪ, ಲ್ಯಾಪ್‌ಟಾಪ್ ಕೆಟ್ಟಿದೆ.'

'ಸ್ಕ್ರೀನ್ ಮೇಲೆ ಏನು ಬರೆದಿದೆ?'

'ಅದು ನಿಮಗೆ ಗೊತ್ತಾಗಲ್ಲ ಬಿಡಿ.'

'ನನಗೆ ಬೇಡ. ನೀನು ಓದಿದ್ಯಾ?'

ಅಪ್ಪ ಮೂವತ್ತು ವರ್ಷ ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಕೂತವರು. ಫಾರಂ ಓದದೆ ತುಂಬುವವರನ್ನು ದಿನಾ ನೋಡಿದವರು. ನಾನು ಸುಮ್ಮನಾದೆ.

ಅಮ್ಮನ ಫೋನಿನಲ್ಲಿ ಮಾತು, ಅಪ್ಪನ ಫೋನಿನಲ್ಲಿ ಲಾಗಿನ್, ಒಟಿಪಿ, ಕನ್ನಡಕ ಹುಡುಕೋದು. ಅಲ್ಲಿ ಎರಡು ಕೀ ಇದ್ದವು. ನಾನು 'ಮೊದಲನೇದು ಓದಿ' ಅಂದೆ. ಅಪ್ಪ ಓದಲಿಲ್ಲ. 'ಪಕ್ಕದಲ್ಲಿ ಕೀ ಐಡಿ ಅಂತ ಇದೆ. ನಿನ್ನ ಸ್ಕ್ರೀನಿನಲ್ಲೂ ಇರಬೇಕಲ್ಲ, ಅದು ಹೇಳು' ಅಂದರು. ಇತ್ತು. ಹೊಂದಿದ್ದು ಎರಡನೇದು.

ಆಮೇಲೆ ಆರಾರು ಅಂಕಿಯ ಎಂಟು ಗುಂಪು. ಪಾಸ್‌ಬುಕ್ ನಂಬರ್ ಓದುವ ಅದೇ ರಾಗ: 'ನಾಲ್ಕು ಏಳು ಸೊನ್ನೆ... ಮೂರು ಮೂರು ಎಂಟು. ತಿರುಗಿ ಹೇಳು.' (ಅಂಕಿ ಬದಲಾಯಿಸಿದ್ದೀನಿ, ಟ್ರೈ ಮಾಡಬೇಡಿ.) ಪ್ರತಿ ಗುಂಪನ್ನೂ ನಾನು ತಿರುಗಿ ಹೇಳುವ ತನಕ ಮುಂದಿನದಕ್ಕೆ ಹೋಗಲಿಲ್ಲ. ಐದನೇ ಗುಂಪಿನ ಹೊತ್ತಿಗೆ ಪಕ್ಕದ ರೂಮಿನವನು ಗೋಡೆ ಬಡಿದ. ನಮ್ಮ ಹಾಸ್ಟೆಲಿನಲ್ಲಿ ರಾತ್ರಿ ಹತ್ತರ ಮೇಲೆ ಸದ್ದು ಮಾಡೋ ಹಾಗಿಲ್ಲ. ಉಳಿದ ಮೂರು ಗುಂಪು ಪಿಸುಮಾತಿನಲ್ಲಿ, ಆ ಕಡೆಯಿಂದ ಅಪ್ಪನೂ ಯಾಕೋ ಪಿಸುಗುಟ್ಟುತ್ತಲೇ ಓದಿದರು. ವಿಂಡೋಸ್ ತೆರೀತು.

'ಇನ್ನೊಂದು?' ಅಂದರು. ಇನ್ನೊಂದು ಇದೆ ಅಂತ ಯಾವಾಗ ಹೇಳಿದ್ದೆನೋ ನೆನಪಿಲ್ಲ. ರೀಸ್ಟಾರ್ಟ್ ಮಾಡಿ, ಆ ಕಪ್ಪು ಪರದೆಯನ್ನು ಆ ರಾತ್ರಿ ಮೊದಲ ಬಾರಿಗೆ ಪೂರ್ತಿ ಓದಿದೆ, ಗಟ್ಟಿಯಾಗಿ: 'ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್'. ಅಪ್ಪನಿಗೆ ಒಂದು ಅಕ್ಷರ ಅರ್ಥ ಆಗಿರಲಿಕ್ಕಿಲ್ಲ. ನನಗೆ ಆಯ್ತು.

ಕರ್ನಲ್‌ಗೆ ಡಿಸ್ಕ್ ತೆರೆಯೋಕೆ ಡ್ರೈವರ್ ಬೇಕು, ಡ್ರೈವರ್ ಇರೋದು ಡಿಸ್ಕಿನೊಳಗೆ. ಬೀರುವಿನ ಕೀಲಿ ಬೀರುವಿನಲ್ಲೇ ಇದ್ದ ಹಾಗೆ. ಅದಕ್ಕೇ 'ಇನಿಟ್‌ರಾಮ್‌ಎಫ್‌ಎಸ್' ಅಂತ ಒಂದು ಸಣ್ಣ ಗಂಟು ಬೂಟ್ ವಿಭಾಗದಲ್ಲಿ ಹೊರಗಿಟ್ಟಿರ್ತಾರೆ. ನಾನು ಯಾವುದೋ ಹಳೇ ವಿಡಿಯೋ ನೋಡಿ ಆ ವಿಭಾಗಕ್ಕೆ ಕೊಟ್ಟಿದ್ದು ಬರೀ 500 ಎಂಬಿ. ಪ್ರತಿ ಅಪ್‌ಡೇಟಿಗೂ ಹೊಸ ಕರ್ನಲ್, ಹೊಸ ಗಂಟು, ಹಳೇದೂ ಅಲ್ಲೇ. ಜಾಗ ಮುಗಿದು ಈ ಸಲದ ಗಂಟು ಬರೆಯೋಕೇ ಆಗಿರಲಿಲ್ಲ. ನಾನು ಓದದೆ ಮುಚ್ಚಿದ ಆ ನಾಲ್ಕೈದು ಸಾಲು ಹೇಳ್ತಾ ಇದ್ದದ್ದು ಅದನ್ನೇ.

ಅಲ್ಲಿಂದ ಇಪ್ಪತ್ತು ನಿಮಿಷದ ಕೆಲಸ. ಗ್ರಬ್ ಮೆನುವಿನಲ್ಲಿ 'ಅಡ್ವಾನ್ಸ್ಡ್ ಆಪ್ಶನ್ಸ್'ಗೆ ಹೋಗಿ ಹಿಂದಿನ ಕರ್ನಲ್ ಆರಿಸಿದೆ, ಎದ್ದಿತು. 'ಡಿಎಫ್' ಕಮಾಂಡ್ ಕೊಟ್ರೆ ಬೂಟ್ ವಿಭಾಗ 100% ಭರ್ತಿ. ತೀರಾ ಹಳೇ ಕರ್ನಲ್ ತೆಗೆದುಹಾಕಿ, ಗಂಟು ಮತ್ತೆ ಕಟ್ಟಿಸಿ, ಗ್ರಬ್ ಅಪ್‌ಡೇಟ್ ಮಾಡಿದೆ. ಎಲ್ಲಕ್ಕಿಂತ ಮೊದಲು ಫಲಿತಾಂಶದ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿದೆ ಅನ್ನೋದನ್ನು ನನ್ನ ಗೌರವಕ್ಕೋಸ್ಕರ ಬರೆದುಕೊಳ್ಳಿ.

ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿದ್ದರೆ ಬಹುಶಃ ವಿಂಡೋಸ್ ಕೀ ಕೇಳದೆಯೇ ತೆರೀತಿತ್ತು ಅಂತ ಮಾರನೇ ದಿನ ಲ್ಯಾಬಿನ ಗೆಳೆಯ ಹೇಳಿದ. ಇದನ್ನು ಅಪ್ಪನಿಗೆ ಹೇಳಿಲ್ಲ.

ಇನ್ನೊಂದು ಮಾತ್ರ ಹೇಳಿದೆ. ಆ ಕೀಯ ಪ್ರತಿ ಆರಂಕಿಯ ಗುಂಪೂ 11ರಿಂದ ಭಾಗ ಆಗುತ್ತೆ, ಟೈಪ್ ಮಾಡುವಾಗ ತಪ್ಪಿದರೆ ಗೊತ್ತಾಗಲಿ ಅಂತ ಹಾಗೆ ಮಾಡಿರ್ತಾರೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಕಡೆ ಪೆನ್ನಿನ ಸದ್ದು. ಡೈರಿಯ ಕೊನೇ ಪುಟದಲ್ಲಿ ಕೀ ಬರೆದಿಟ್ಟುಕೊಂಡಿದ್ದರಂತೆ. ಕೂತು ಎಂಟನ್ನೂ ಭಾಗಿಸಿ, 'ಎಲ್ಲಾ ಸರಿ ಇದೆ ಕಣೋ' ಅಂದರು. ಆಮೇಲೆ, 'ಪ್ರೆಸೆಂಟೇಶನ್ ಏನಾಯ್ತು?'