ಗಂಡಿಪೇಟೆಯ ನೀರು, ಮುಲ್ಕಿಯ ಕಾಗದ

ಪರಊರಿನಲ್ಲಿ ನೌಕರಿ ಸಿಕ್ಕಿತೆಂಬ ಕಾಗದ ಬಂದ ಮನೆಯಲ್ಲಿ ನಡೆಯುವ ಚರ್ಚೆಗೆ ಒಂದು ನಿಶ್ಚಿತ ಕ್ರಮವಿದೆ: ಮೊದಲು ಪಗಾರದ ಮಾತು, ಆಮೇಲೆ ಬಾಡಿಗೆಯ ಮಾತು, ಅದರ ಬೆನ್ನಿಗೆ ಅಲ್ಲಿ ಯಾವ ಭಾಷೆ ಆಡುತ್ತಾರೆ, ನೀರು ಹೇಗೆ, ರಾತ್ರಿ ಹೊರಟರೆ ಬೆಳಗಾಗುವುದರೊಳಗೆ ಊರು ಮುಟ್ಟಬಹುದೇ ಎಂಬ ವಿಚಾರಣೆ, ಎಲ್ಲರೂ ಎದ್ದು ಹೋದ ಮೇಲೆ, ಹೋದವರು ತಿರುಗಿ ಬರುವುದುಂಟೇ ಎಂಬ ತಾಯಿಯ ಪ್ರಶ್ನೆ. ಈ ಚರ್ಚೆಗೆ ಕೂತವರೆಲ್ಲ ನಿರ್ಧಾರ ತಮ್ಮ ಕೈಯಲ್ಲಿದೆ ಎಂದೇ ನಂಬಿರುತ್ತಾರೆ. ಹೈದರಾಬಾದಿನ ಚರಿತ್ರೆ ಓದಿದವರಿಗೆ ಮಾತ್ರ ಆ ನಂಬಿಕೆ ತುಸು ಸಡಿಲವಾಗುತ್ತದೆ. ಏಕೆಂದರೆ ಬರುವವನು ಊರನ್ನು ತೂಗಿ ನೋಡುವಷ್ಟೇ ಶ್ರದ್ಧೆಯಿಂದ ಬಂದವನನ್ನೂ ತೂಗಿ ನೋಡಿದ, ಆ ತೂಕಕ್ಕೆ ನಿಯಮ, ಅವಧಿ, ನಮೂನೆಗಳನ್ನು ಗೊತ್ತುಮಾಡಿದ ಊರು ಅದು.

2019ರವರೆಗೆ ಹೈದರಾಬಾದ್ ಕರ್ನಾಟಕವೆಂದು ಕರೆಯಲಾಗುತ್ತಿದ್ದ, ಈಗ ಕಲ್ಯಾಣ ಕರ್ನಾಟಕವೆನಿಸಿಕೊಂಡಿರುವ ಸೀಮೆಯ ಜನರಿಗೆ ಹೈದರಾಬಾದು ಅಪರಿಚಿತ ನಗರವೇ ಎಂಬುದು ಥಟ್ಟನೆ ಉತ್ತರ ಹೇಳಬಹುದಾದ ಪ್ರಶ್ನೆಯಲ್ಲ. ಬೀದರಿನಿಂದ ಹೈದರಾಬಾದು 150 ಕಿ.ಮೀ.ಗೂ ಕಡಿಮೆ, ಬೆಂಗಳೂರು ಅದರ ನಾಲ್ಕು ಪಟ್ಟಿಗೂ ಮಿಕ್ಕಿದ ದೂರ. ದೊಡ್ಡ ಕಾಯಿಲೆಯ ದವಾಖಾನೆಗೂ ಮದುವೆಯ ಜವಳಿಗೂ ಈ ಭಾಗದವರು ಹಿಡಿಯುವ ಹಾದಿ ಇಂದಿಗೂ ಪೂರ್ವದ್ದೇ. ಈ ಪ್ರಬಂಧದ ಲೇಖಕ ಕಲಬುರಗಿಯವನು. ಅವನ ಮನೆತನಕ್ಕೆ ಒಂದೇ ಪ್ರಶ್ನೆ ಎರಡು ದಿಕ್ಕಿನಿಂದ ಎದುರಾಯಿತು: ನೌಕರಿಗಾಗಿ ಹೈದರಾಬಾದು ಬಿಟ್ಟು ಬೆಂಗಳೂರಿಗೆ ಹೋಗಬೇಕೇ ಎಂದು ಅಜ್ಜನಿಗೆ, ಬೆಂಗಳೂರು ಬಿಟ್ಟು ಹೈದರಾಬಾದಿಗೆ ಹೋಗಬೇಕೇ ಎಂದು ಮೊಮ್ಮಗನಿಗೆ.

ದಖ್ಖನಿನಲ್ಲಿ ಬಂದವನನ್ನು ತೂಗಿ ನೋಡುವ ಪ್ರಶ್ನೆ ಹೈದರಾಬಾದಿಗಿಂತಲೂ ಹಳೆಯದು. ಕಲಬುರಗಿಯಲ್ಲಿ 1347ರಲ್ಲಿ ಆರಂಭವಾಗಿ ಮುಂದೆ ಬೀದರಿಗೆ ಸ್ಥಳಾಂತರಗೊಂಡ ಬಹಮನಿ ಆಸ್ಥಾನದಲ್ಲಿ, ಬಹುಕಾಲದಿಂದ ನೆಲೆಸಿದ ಮುಸ್ಲಿಂ ಸರದಾರರು ದಖ್ಖನಿಗಳೆಂದೂ, ಇರಾನ್, ಮಧ್ಯ ಏಷ್ಯಾಗಳಿಂದ ಹೊಸದಾಗಿ ಬಂದು ಹುದ್ದೆ ಹಿಡಿದವರು ಆಫಾಕಿಗಳೆಂದೂ ಎರಡು ಬಣಗಳಾಗಿ ಒಡೆದಿದ್ದರು. ಗೀಲಾನ್ ಪ್ರಾಂತದ ವ್ಯಾಪಾರಿ ಮಹಮೂದ್ ಗವಾನ್ 1453ರಲ್ಲಿ ಬೀದರಿಗೆ ಬಂದ, ಪ್ರಧಾನಮಂತ್ರಿಯ ಪದವಿಗೆ ಏರಿದ, 1472ರಲ್ಲಿ ಇಂದಿಗೂ ನಿಂತಿರುವ ಮದರಸಾ ಕಟ್ಟಿಸಿದ; ಇಷ್ಟಾದರೂ 1481ರಲ್ಲಿ ವಿರೋಧಿ ಬಣದವರು ಅವನ ಮೊಹರಿನಡಿ ಸೃಷ್ಟಿಸಿದ ಸುಳ್ಳು ಪತ್ರವನ್ನು ನಂಬಿದ ಸುಲ್ತಾನ ಅವನ ತಲೆ ತೆಗೆಸಿದ. ಕಾಲು ಶತಮಾನಕ್ಕೂ ಮೀರಿದ ವಾಸ ಅವನನ್ನು ಆ ಊರಿನವನನ್ನಾಗಿ ಮಾಡಲು ಸಾಲಲಿಲ್ಲವೆಂಬುದು, ನೌಕರಿಗೆಂದು ಊರು ಬಿಡುವವರು ಅರಿತಿರಬೇಕಾದ, ಆದರೆ ಹೊರಡುವ ದಿನ ಯಾರೂ ಅವರಿಗೆ ಹೇಳದ ಸಂಗತಿ.

ಗೋಲ್ಕೊಂಡದ ಕೋಟೆಯೊಳಗೆ ಜಾಗ ಸಾಲದಾದಾಗ ಮಹಮ್ಮದ್ ಕುಲಿ ಕುತುಬ್ ಶಾಹ ಮೂಸಿ ನದಿಯ ಆಚೆ 1591ರಲ್ಲಿ ಕಟ್ಟಿಸಿದ ಹೈದರಾಬಾದು ತಾನೇ ಒಂದು ಸ್ಥಳಾಂತರದ ಫಲ. ಅಲ್ಲಿ ಹುದ್ದೆಯ ಜಗಳ ಹೊಸ ರೂಪ ತಳೆದದ್ದು 1853ರಿಂದ 1883ರವರೆಗೆ ಹೈದರಾಬಾದ್ ಸಂಸ್ಥಾನದ ಅರಸರಾದ ನಿಜಾಮರ ದಿವಾನನಾಗಿದ್ದ ಒಂದನೆಯ ಸಾಲಾರ್ ಜಂಗ್ ಕಾಲದಲ್ಲಿ. ಆಡಳಿತವನ್ನು ಹೊಸ ಪದ್ಧತಿಗೆ ತರಲು ಅವನು ಸೈಯದ್ ಹುಸೇನ್ ಬಿಲ್ಗ್ರಾಮಿಯಂಥ ಉತ್ತರ ಭಾರತದ ವಿದ್ಯಾವಂತರನ್ನು ಕರೆಸಿಕೊಂಡ. ದಕ್ಷತೆ ಬಂತು, ಅದರ ಜೊತೆಗೆ ಮನೆಯ ಮಕ್ಕಳಿಗೆ ಉಣಿಸಲಿಲ್ಲ, ಬಂದವರಿಗೆ ಬಡಿಸಿದರು ಎಂಬ ಕಹಿಯೂ ಬಂತು. ಮುಲ್ಕ್ ಎಂದರೆ ನಾಡು. ನಾಡಿನವನು ಮುಲ್ಕಿ, ಹೊರಗಿನವನು ಗೈರ್ ಮುಲ್ಕಿ. ಸರಕಾರಿ ನೌಕರಿ ಮುಲ್ಕಿಗಳಿಗೇ ಸಲ್ಲಬೇಕೆಂಬ ಒತ್ತಾಯ ಬೆಳೆಯುತ್ತ ಬಂದು, 1919ರಲ್ಲಿ ನಿಜಾಮನ ಫರ್ಮಾನಿನ, ಅಂದರೆ ರಾಜಾಜ್ಞೆಯ, ಮೂಲಕ ಮುಲ್ಕಿ ನಿಯಮಗಳಾಗಿ ಗಟ್ಟಿಯಾಯಿತು.

ಆ ನಿಯಮಗಳ ಪ್ರಕಾರ ಸಂಸ್ಥಾನದ ಪ್ರಜೆಯಾಗಿ ಹುಟ್ಟಿದವನು ಮುಲ್ಕಿ, ಮುಲ್ಕಿಯ ಹೆಂಡತಿಯೂ ಮುಲ್ಕಿ. ಹೊರಗಿನಿಂದ ಬಂದವನು ಮುಲ್ಕಿಯಾಗಬೇಕಾದರೆ ಕನಿಷ್ಠ 15 ವರ್ಷ ಕಾಯಂ ಆಗಿ ವಾಸಿಸಿರಬೇಕು. ಇಷ್ಟಕ್ಕೇ ನಿಂತಿದ್ದರೆ ಅದು ಎಲ್ಲ ಸರಕಾರಗಳೂ ಕೇಳುವ ವಾಸಸ್ಥಳದ ದಾಖಲೆಯಾಗುತ್ತಿತ್ತು. ಆದರೆ ನಿಯಮ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಿಂದೆ ವಾಸವಿದ್ದ ಊರಿಗೆ ಮರಳುವ ವಿಚಾರವನ್ನು ಅರ್ಜಿದಾರ ಕೈಬಿಟ್ಟಿದ್ದಾನೆಂಬ ಪ್ರಮಾಣಪತ್ರವನ್ನು ಗೊತ್ತುಪಡಿಸಿದ ನಮೂನೆಯಲ್ಲಿ ಬರೆದು, ಮ್ಯಾಜಿಸ್ಟ್ರೇಟರ ರುಜು ಪಡೆದು ತರಬೇಕೆಂದಿತು. ಮನುಷ್ಯನ ಮನಸ್ಸಿನ ಅತ್ಯಂತ ಅಸ್ಥಿರವಾದ ಭಾಗಕ್ಕೆ ಸರಕಾರಿ ಮೊಹರು ಹೊಡೆಯಿಸುವ ಇಂಥ ಧೈರ್ಯ ಬೇರೆ ಕಾನೂನುಗಳಲ್ಲಿ ಅಪರೂಪ. ಹಬ್ಬಕ್ಕೆ ಊರಿಗೆ ಹೋಗಿ ಬರುವುದು ಮರಳುವ ವಿಚಾರವೇ, ಊರಲ್ಲಿ ಉಳಿಸಿಕೊಂಡ ಎರಡೆಕರೆ ಹೊಲ ಮರಳುವ ವಿಚಾರವೇ ಎಂದು ರುಜು ಹಾಕುವ ಮುನ್ನ ಅರ್ಜಿದಾರರಲ್ಲಿ ಕೆಲವರಾದರೂ ತಲೆ ಕೆರೆದುಕೊಂಡಿರಲೇಬೇಕು.

ಮೈಸೂರು ಸೀಮೆಯ ಇಬ್ಬರು ಪ್ರಸಿದ್ಧರು ಇಂಥ ಹೈದರಾಬಾದಿಗೆ ನೌಕರಿಯ ಮೇಲೆ ಬಂದವರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಾಗ, ಮುಂಬಯಿ ಸರಕಾರದ ಸೇವೆ ಮುಗಿಸಿ ವಿದೇಶ ಪ್ರವಾಸದಲ್ಲಿದ್ದ ಎಂ. ವಿಶ್ವೇಶ್ವರಯ್ಯನವರಿಗೆ ನಿಜಾಮ್ ಸರಕಾರದ ಕರೆ ಹೋಯಿತು. 1909ರಲ್ಲಿ ಬಂದ ಅವರು, ಪ್ರವಾಹವನ್ನು ನಗರದಲ್ಲಿ ತಡೆಯುವುದಕ್ಕಿಂತ ನಗರಕ್ಕೆ ಬರುವ ಮುನ್ನವೇ ಹಿಡಿದಿಡಬೇಕೆಂದು ಶಿಫಾರಸು ಮಾಡಿ, ಅದೇ ವರ್ಷದ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಹುದ್ದೆಗೆ ಹೊರಟುಹೋದರು. ಆ ಶಿಫಾರಸಿನಿಂದ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ ಮೇಲೆದ್ದವು. ಉಸ್ಮಾನ್ ಸಾಗರಕ್ಕೆ ಜನ ಕರೆಯುವ ಹೆಸರು ಗಂಡಿಪೇಟೆ. ಗಂಡಿಪೇಟೆಯ ನೀರು ಕುಡಿದವನು ಹೈದರಾಬಾದು ಬಿಡಲಾರ ಎಂಬುದು ಅಲ್ಲಿನ ನಾಣ್ಣುಡಿ. ಆ ನೀರನ್ನು ನಿಲ್ಲಿಸುವ ದಾರಿ ತೋರಿಸಿದವರು ಮಾತ್ರ ಕೆರೆ ತುಂಬುವ ಮೊದಲೇ ಊರು ಬಿಟ್ಟಿದ್ದರು. ಇನ್ನೊಬ್ಬರು ಬೆಂಗಳೂರಿನಲ್ಲಿ ಹುಟ್ಟಿ, 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. 1946ರಲ್ಲಿ ಹೈದರಾಬಾದಿನ ಪ್ರಧಾನಮಂತ್ರಿಯಾದ ಅವರು ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಪಕ್ಷದ ವಿರೋಧದ ನಡುವೆ ವರ್ಷ ತುಂಬುವುದರೊಳಗೆ ರಾಜೀನಾಮೆ ಕೊಟ್ಟರು. ದಿವಾನಗಿರಿಯ ದೀರ್ಘ ಅನುಭವಕ್ಕೂ ಹೊಸ ಊರಿನಲ್ಲಿ ಬೇರುಬಿಡುವುದಕ್ಕೂ ಸಂಬಂಧವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಲೇಖಕನ ಅಜ್ಜನಂಥ ಸಾಮಾನ್ಯ ಗುಮಾಸ್ತನಿಗೆ ಇಂಥ ಸಂಕಟವಿರಲಿಲ್ಲ. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಸಂಸ್ಥಾನದವೇ ಆಗಿದ್ದರಿಂದ ಅವನು ಹುಟ್ಟು ಮುಲ್ಕಿ. ಕಚೇರಿಯ ಭಾಷೆ ಉರ್ದು, ಪಗಾರ ಸಂಸ್ಥಾನದ ಸ್ವಂತ ನಾಣ್ಯವಾದ ಹಾಲಿ ಸಿಕ್ಕಾದಲ್ಲಿ, ಕಾಚಿಗುಡದ ಆಸುಪಾಸಿನಲ್ಲಿ ಬಾಡಿಗೆ ಕೋಣೆ. ಹಾಲಿ ಸಿಕ್ಕಾದ 7 ರೂಪಾಯಿಗೆ ಬ್ರಿಟಿಷ್ ಇಂಡಿಯಾದ 6 ರೂಪಾಯಿ ಎಂಬ ಲೆಕ್ಕವಿದ್ದುದರಿಂದ, ಸೊಲ್ಲಾಪುರದಲ್ಲಿ ನೌಕರಿಗಿದ್ದ ನೆಂಟ ತನ್ನ ಪಗಾರ ಹೇಳಿದಾಗಲೆಲ್ಲ ಅಜ್ಜ ಮನಸ್ಸಿನಲ್ಲೇ ಗುಣಿಸಿ ಭಾಗಿಸಿ ಸಮಾಧಾನಪಟ್ಟುಕೊಳ್ಳುತ್ತಿದ್ದನಂತೆ.

ಆ ಸಮಾಧಾನ 1956ರ ನವೆಂಬರ್ 1ರಂದು ಮುಗಿಯಿತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಹೈದರಾಬಾದ್ ರಾಜ್ಯ ಮೂರು ಭಾಗವಾಗಿ, ಕನ್ನಡ ಜಿಲ್ಲೆಗಳು ಮೈಸೂರನ್ನು, ಮರಾಠವಾಡ ಮುಂಬಯಿಯನ್ನು, ತೆಲಂಗಾಣ ಆಂಧ್ರಪ್ರದೇಶವನ್ನು ಸೇರಿದವು. ಜಿಲ್ಲೆಗಳ ಜೊತೆಗೆ ನೌಕರರನ್ನೂ ಹಂಚಲಾಯಿತು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಹೈದರಾಬಾದಿನ ಸಿವಿಲ್ ಸೇವೆಯಲ್ಲಿದ್ದ ಕವಿ ಸಿದ್ಧಯ್ಯ ಪುರಾಣಿಕರಂಥ ಅಧಿಕಾರಿಗಳಿಂದ ಹಿಡಿದು ಗುಮಾಸ್ತರವರೆಗೆ ಅನೇಕರು ಹೀಗೆ ಮೈಸೂರಿನ ಸೇವೆಗೆ ಬಂದರು. ಪಟ್ಟಿಯಲ್ಲಿ ಹೆಸರು ಬಂದ ಅಜ್ಜನ ಮುಂದೆ ಉಳಿದದ್ದು ಎರಡೇ ದಾರಿ, ಹೋಗುವುದು ಇಲ್ಲವೇ ನೌಕರಿ ಬಿಡುವುದು. ಅವನು ಹೋದ. ಅವನ ಸೇವಾಪುಸ್ತಕ ಇಂದಿಗೂ ಮನೆಯಲ್ಲಿದೆ: ಹುಟ್ಟಿದ ತಾರೀಖಿನ ಕಡೆ ಉರ್ದು ಲಿಪಿಯಲ್ಲಿ ಖುರ್ದಾದ್ ತಿಂಗಳು, 1330 ಫಸಲಿ ಎಂದಿದೆ. ಫಸಲಿ ಎಂಬುದು ನಿಜಾಮ್ ಸರಕಾರ ಬಳಸುತ್ತಿದ್ದ, ಅಕ್ಟೋಬರಿನಲ್ಲಿ ಆರಂಭವಾಗುವ ಕಂದಾಯದ ವರ್ಷ. ಇಸವಿಗೆ ಬರಲು ಅದಕ್ಕೆ ತಿಂಗಳು ನೋಡಿ 590 ಅಥವಾ 591 ಕೂಡಿಸಬೇಕು, ಕೂಡಿಸುವುದರಲ್ಲಿ ಒಂದು ಹೆಚ್ಚುಕಡಿಮೆಯಾದರೆ ನಿವೃತ್ತಿ ಒಂದು ವರ್ಷ ಹಿಂದೆಮುಂದೆ. ಉರ್ದುವಿನ ಕೆಳಗೆ ಬೇರೆ ಶಾಯಿಯಲ್ಲಿ, ಗುಂಡನೆಯ ಕನ್ನಡ ಅಕ್ಷರದಲ್ಲಿ, ಏಪ್ರಿಲ್ 1921 ಎಂದು ಯಾರೋ ಬರೆದು ಚಿಕ್ಕ ರುಜು ಹಾಕಿದ್ದಾರೆ. ಅಷ್ಟರ ಮಟ್ಟಿಗೆ ಸ್ಥಳಾಂತರ ಪೂರ್ಣವಾಯಿತು. ಎರಡೂ ಕಡೆಯ ನೌಕರರ ಜ್ಯೇಷ್ಠತೆಯನ್ನು ಒಂದೇ ಪಟ್ಟಿಗೆ ತರುವ ವ್ಯಾಜ್ಯ ಮಾತ್ರ ಕೋರ್ಟು ಹತ್ತಿ ವರ್ಷಗಟ್ಟಲೆ ನಡೆಯಿತು.

ಹೈದರಾಬಾದಿನಲ್ಲಿ ಮುಲ್ಕಿಯ ಪ್ರಶ್ನೆ ಅಲ್ಲಿಗೆ ನಿಲ್ಲಲಿಲ್ಲ. ಪುನರ್ವಿಂಗಡಣೆಗೆ ಮುನ್ನ 1952ರಲ್ಲೂ ಅದರ ನಂತರ 1969ರಲ್ಲೂ ಚಳವಳಿಗಳಾಗಿ, 1972ರಲ್ಲಿ ಸುಪ್ರೀಂ ಕೋರ್ಟು ನಿಯಮಗಳನ್ನು ಎತ್ತಿಹಿಡಿದು, ಮರುವರ್ಷ ಅವು ರದ್ದಾಗಿ, ಅವುಗಳ ಜಾಗಕ್ಕೆ ಸಂವಿಧಾನದ 371ಡಿ ವಿಧಿ ಬಂತು. ಅದೇ ಮಾದರಿಯಲ್ಲಿ ಕಲ್ಯಾಣ ಕರ್ನಾಟಕಕ್ಕೆ 371ಜೆ ದೊರೆತು, ಸ್ಥಳೀಯರಿಗೆ ನೌಕರಿಯಲ್ಲಿ ಮೀಸಲಾತಿ ಸಿಕ್ಕಿದ್ದರಿಂದ, ಮುಲ್ಕಿಗಳ ಮೊಮ್ಮಕ್ಕಳು ಮತ್ತೊಂದು ಹೆಸರಿನಲ್ಲಿ ಮುಲ್ಕಿಗಳಾದರು.

1998ರಲ್ಲಿ ಸೈಬರ್ ಟವರ್ಸ್ ಎಂಬ ಐಟಿ ಕಟ್ಟಡ ತಲೆಯೆತ್ತಿದ ಮೇಲೆ ಬಂದ ಮಾದಾಪುರ, ಗಚ್ಚಿಬೌಲಿಗಳ ಖಾಸಗಿ ಕಂಪನಿಗಳು ಯಾವ ಪ್ರಮಾಣಪತ್ರವನ್ನೂ ಕೇಳುವುದಿಲ್ಲ. ಲೇಖಕನಿಗೆ ಅಲ್ಲಿಂದ ಕರೆ ಬಂದಾಗ ಮನೆಯ ಚರ್ಚೆ ರೂಢಿಯ ಕ್ರಮದಲ್ಲೇ ನಡೆಯಿತು: ಬೆಂಗಳೂರಿಗಿಂತ ಬಾಡಿಗೆ ಹಗುರ, ಕಲಬುರಗಿ ಹತ್ತಿರ, ಉರ್ದು ಮಿಶ್ರಿತ ಹಿಂದಿ ಮನೆಯವರ ಬಾಯಲ್ಲಿ ಮೊದಲಿನಿಂದಲೂ ಇದ್ದದ್ದು, ಮಕ್ಕಳಿಗೆ ಮಾತ್ರ ಶಾಲೆಯಲ್ಲಿ ತೆಲುಗು ಹೊಸದು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗ ಶಾಲೆಯಿದೆ ಎಂದು ಹಿರಿಯರೊಬ್ಬರು ನೆನಪಿಸಿದರು. ಗಚ್ಚಿಬೌಲಿಯಿಂದ ಕಾಚಿಗುಡಕ್ಕೆ ಸಂಜೆಯ ಟ್ರಾಫಿಕ್ಕಿನಲ್ಲಿ ಹೋಗಿ ಬರುವಷ್ಟರಲ್ಲಿ ಕಾರ್ಯಕ್ರಮ ಮುಗಿದಿರುತ್ತದೆಂದು ಕಿರಿಯರು ತಿದ್ದಿದರು. ಎಲ್ಲ ಅಂಶಗಳನ್ನೂ ಎರಡು ಕಾಲಮುಗಳಲ್ಲಿ ಬರೆದು ಕೂಡಿಸಿ ನೋಡಿದರೂ ಮೊತ್ತ ಸಮವಾಗಿಯೇ ಬರುತ್ತಿತ್ತು.

ಅಜ್ಜನ ಸೇವಾಪುಸ್ತಕದ ನೆವದಿಂದ ಮುಲ್ಕಿ ನಿಯಮಗಳನ್ನು ಓದಿದ ಲೇಖಕನಿಗೆ ಹೊಳೆದ ಸಂಗತಿ ಇಷ್ಟು. ಆ ನಿಯಮ ಹೊರಗಿನವರನ್ನು ದೂರವಿಡಲು ಹುಟ್ಟಿದ್ದು, ಅದರ ಉದ್ದೇಶವನ್ನು ಯಾರೂ ಹೊಗಳಬೇಕಿಲ್ಲ. ಆದರೂ ಮರಳುವ ವಿಚಾರ ಬಿಟ್ಟಿರೇ ಎಂಬ ಪ್ರಶ್ನೆಯನ್ನು ಅದು ರೈಲಿನಿಂದ ಇಳಿದ ದಿನವೇ ಕೇಳದೆ ಹದಿನೈದು ವರ್ಷದ ನಂತರ ಕೇಳುತ್ತಿತ್ತು. ಮನೆಯ ಚರ್ಚೆಗಳು ದಾರಿ ತಪ್ಪುವುದು ಇಲ್ಲಿಯೇ, ನೌಕರಿಯನ್ನು ಒಪ್ಪುವುದನ್ನೂ ಊರನ್ನು ಒಪ್ಪುವುದನ್ನೂ ಒಂದೇ ರಾತ್ರಿ ಮುಗಿಸಹೊರಡುವುದರಿಂದ. ಮೊದಲನೆಯದಕ್ಕೆ ಪಗಾರ, ಬಾಡಿಗೆ, ರೈಲಿನ ವೇಳಾಪಟ್ಟಿ ಸಾಕು. ಎರಡನೆಯದಕ್ಕೆ ಬೇಕಾದ ಸಾಕ್ಷ್ಯ ಅಲ್ಲಿ ಬಾಳಿದ ಮೇಲಷ್ಟೇ ಸಿಗುವಂಥದ್ದು. ಹೀಗೆ ಪ್ರಶ್ನೆ ಅರ್ಧಕ್ಕೆ ಇಳಿದ ಮೇಲೆ ಲೇಖಕ ಒಪ್ಪಿಗೆಯ ಪತ್ರ ಕಳಿಸಿದ, ಮತದಾರರ ಪಟ್ಟಿಯ ಹೆಸರನ್ನು ಕಲಬುರಗಿಯಲ್ಲೇ ಉಳಿಸಿಕೊಂಡ. ಉಳಿದರ್ಧದ ಬಗ್ಗೆ ಮನೆಯಲ್ಲಿ ಯಾರಾದರೂ ಕೇಳಿದರೆ, ನಿಜಾಮನೇ ಹದಿನೈದು ವರ್ಷದ ವಾಯಿದೆ ಕೊಟ್ಟಿದ್ದನೆಂದು ಹೇಳಿ ಮಾತು ಮುಗಿಸುತ್ತಾನೆ.