ಕಿವಿಯ ಹಾಲೆಯ ಹದ

ಹಿಟ್ಟು ಎಷ್ಟು ಮೆತ್ತಗಿರಬೇಕು ಎಂದು ಕೇಳಿದ್ದೆ. ಪಕ್ಕದ ಮನೆಯ ಹಿರಿಯಾಕೆ ಬಾಯಿಬಿಟ್ಟು ಏನೂ ಹೇಳಲಿಲ್ಲ. ಕೈ ಒರೆಸಿಕೊಂಡು ಮೊದಲು ತಮ್ಮ ಕಿವಿಯ ಹಾಲೆಯನ್ನು ಹಿಂಡಿ ನೋಡಿದರು, ಆಮೇಲೆ ಬೋಗುಣಿಯಲ್ಲಿದ್ದ ಹಿಟ್ಟನ್ನು ಹಿಂಡಿದರು. ಸಾಲದು ಅನ್ನಿಸಿರಬೇಕು, ಇನ್ನೊಂದು ಚಮಚ ನೀರು ಹಾಕಿ ಮತ್ತೆ ನಾದಿದರು. ಜಪಾನಿನ ಅಡುಗೆಮನೆಯಲ್ಲಿ ಈ ಅಳತೆ ಎಲ್ಲರಿಗೂ ಗೊತ್ತು. ಅಂಟಕ್ಕಿಯ ಹಿಟ್ಟು ಮಿಮಿತಾಬುವಿನಷ್ಟು, ಅಂದರೆ ಕಿವಿಯ ಹಾಲೆಯಷ್ಟು, ಮೆತ್ತಗಿರಬೇಕು. ಟೋಕಿಯೊದ ನಿಶಿ-ಕಸಾಯ್‌ನಲ್ಲಿ ನಾವು ಮನೆ ಹಿಡಿದ ಮೊದಲ ಚಳಿಗಾಲದಲ್ಲಿ ನನಗೆ ಸಿಕ್ಕ ಪಾಠ ಇದು. ಒಳಗೆ ತುಂಬುವ ಹೂರಣಕ್ಕೂ ಇದೇ ಹದ ಎನ್ನುವುದು ತಿಳಿಯಲು ಮಾತ್ರ ವರ್ಷಗಳೇ ಹಿಡಿದವು.

ಮೋಚಿ ಅಂದರೆ ಅಂಟಕ್ಕಿಯ ಮುದ್ದೆ. ನಾವು ದಿನಾ ಉಣ್ಣುವ ಅಕ್ಕಿಯಲ್ಲಿ ಅಮೈಲೋಸ್, ಅಮೈಲೊಪೆಕ್ಟಿನ್ ಎಂಬ ಎರಡು ಬಗೆಯ ಪಿಷ್ಟ ಇರುತ್ತದೆ. ಮೋಚಿಗೋಮೆ ಎನ್ನುವ ಈ ಅಕ್ಕಿಯಲ್ಲಿ ಮೊದಲನೆಯದು ಇಲ್ಲವೆಂದೇ ಹೇಳಬೇಕು. ಅದಕ್ಕೇ ಬೇಯಿಸಿ ಕುಟ್ಟಿದರೆ ಕಾಳುಕಾಳಾಗಿ ನಿಲ್ಲದೆ ಒಂದೇ ಮೈಯಾಗಿ, ಎಳೆದಷ್ಟೂ ಬರುತ್ತದೆ. ವರ್ಷದ ಕೊನೆಗೆ ಉಸು ಎಂಬ ದೊಡ್ಡ ಒರಳಿಗೆ ಬಿಸಿ ಅನ್ನ ಸುರಿದು, ಕಿನೆ ಎಂಬ ಮರದ ಸುತ್ತಿಗೆಯಿಂದ ಒಬ್ಬರು ಹೊಡೆಯುತ್ತಾರೆ. ಎರಡು ಹೊಡೆತಗಳ ನಡುವಿನ ಬಿಡುವಿನಲ್ಲಿ ಇನ್ನೊಬ್ಬರು ಒದ್ದೆ ಕೈ ಹಾಕಿ ಮುದ್ದೆಯನ್ನು ಮಗುಚುತ್ತಾರೆ. ಚಂದ್ರನ ಮೇಲಿನ ಮೊಲವೂ ಇಲ್ಲಿನ ಮಕ್ಕಳ ಕಣ್ಣಿಗೆ ಮೋಚಿ ಕುಟ್ಟುತ್ತಾ ಕಾಣುತ್ತದೆ. ಹಸಿದ ಅತಿಥಿಗಾಗಿ ಬೆಂಕಿಗೆ ಹಾರಿದ ಜಾತಕ ಕಥೆಯ ಮೊಲ ಬೌದ್ಧಧರ್ಮದ ಜೊತೆ ಈ ನಾಡಿಗೂ ಬಂದಿದೆ. ಚೀನಾದವರಿಗೆ ಚಂದ್ರನ ಮೊಲ ಔಷಧಿ ಕುಟ್ಟುತ್ತದೆ, ಇಲ್ಲಿಯವರಿಗೆ ಮೋಚಿ. ಚಂದ್ರನನ್ನು ಶಶಾಂಕ ಎಂದು ಕರೆಯುವ ಭಾಷೆಯಲ್ಲಿ ಬೆಳೆದ ನನಗೆ ಆ ಮೊಲವನ್ನು ಕಂಡಾಗಲೆಲ್ಲ ಊರಿನವರನ್ನು ಕಂಡಷ್ಟು ಹಿಗ್ಗು.

ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಒರಳು ಇಡುವ ಹಾಗಿಲ್ಲ. ಮನೆಯಲ್ಲಿ ಮಾಡುವವರಿಗೆ ಶಿರಾತಮಾಕೊ ಇದೆ. ಅಂಟಕ್ಕಿಯನ್ನು ನೆನೆಸಿ, ನೀರು ಬಿಟ್ಟು ರುಬ್ಬಿ, ನಾವು ರಾಗಿ ಹಾಲು ತೆಗೆದಂತೆ ತೆಗೆದು, ತಳಕ್ಕೆ ಇಳಿದದ್ದನ್ನು ಒಣಗಿಸಿದ ಹರಳು ಹರಳು ಹಿಟ್ಟು. 100 ಗ್ರಾಂ ಹಿಟ್ಟಿಗೆ ಸುಮಾರು 90 ಮಿಲಿ ನೀರು ಸೇರಿಸಿ ನಾದಿದರೆ ಕಿವಿಯ ಹಾಲೆ ಬರುತ್ತದೆ. ಅದನ್ನು ಚಪ್ಪಟೆ ಬಿಲ್ಲೆ ಮಾಡಿ ಕುದಿಯುವ ನೀರಿಗೆ ಬಿಟ್ಟು, ತೇಲಿ ಬಂದ ಮೇಲೆ ತೆಗೆದು, ಬಾಣಲೆಯಲ್ಲಿ ಸಕ್ಕರೆ ಸೇರಿಸಿ ಮರದ ಸೌಟಿನಿಂದ ತಿರುವುವುದು ನಮ್ಮ ಹಿರಿಯಾಕೆಯ ಕ್ರಮ. ಮೈಕ್ರೊವೇವ್‌ನಲ್ಲಿ ಮಾಡುವವರೂ ಇದ್ದಾರೆ. ಸಕ್ಕರೆ ಬರೀ ಸಿಹಿಗೆ ಅಂದುಕೊಂಡಿದ್ದೆ. ಅದು ನೀರನ್ನು ಹಿಡಿದಿಟ್ಟುಕೊಂಡು ಮುದ್ದೆ ಬಿರುಸಾಗದಂತೆ ಕಾಯುತ್ತದೆ. ಸಕ್ಕರೆ ಹಾಕದ ಮೋಚಿ ಮರುದಿನಕ್ಕೆ ಕಲ್ಲು. ಫ್ರಿಜ್ಜಿನಲ್ಲಿ ಇಟ್ಟರಂತೂ ಇನ್ನೂ ಬೇಗ.

ಇಷ್ಟೆಲ್ಲ ಆದ ಮೇಲೂ ಹೊದಿಕೆಗೆ ತನ್ನದೇ ಅನ್ನುವ ರುಚಿ ಕಡಿಮೆ. ಅಕ್ಕಿಯ ನಸು ವಾಸನೆ, ಹಲ್ಲಿಗೆ ಸಿಗುವ ಜಿಗುಟು, ಅಷ್ಟೇ. ಹಾಗಾಗಿ ಒಳಗೆ ಏನಿಡುತ್ತೀರಿ ಎನ್ನುವುದೇ ಮುಖ್ಯವಾಗುತ್ತದೆ. ಜಪಾನಿನವರು ಇಡುವುದು ಅಂಕೊ. ಅಜ಼ುಕಿ ಎಂಬ ಪುಟ್ಟ ಕೆಂಪು ಕಾಳಿನ ಹೂರಣ. ನಮ್ಮ ಹೆಸರು, ಉದ್ದು, ಅಲಸಂದೆಗಳೆಲ್ಲ ಸೇರುವ ವಿಗ್ನಾ ಕುಲಕ್ಕೇ ಅಜ಼ುಕಿಯೂ ಸೇರಿದೆ. ಮೊದಲ ಸಲ ಕುದಿಸಿದ ನೀರನ್ನು ಚೆಲ್ಲುತ್ತಾರೆ, ಕಾಳಿನ ಒಗರು ಅದರ ಜೊತೆ ಹೋಗುತ್ತದೆ. ಇದಕ್ಕೆ ಶಿಬುಕಿರಿ ಎಂದು ಹೆಸರು, ಒಗರು ಕತ್ತರಿಸುವುದು. ಮತ್ತೆ ಹೊಸ ನೀರಿನಲ್ಲಿ, ಬೆರಳ ತುದಿಯಲ್ಲಿ ಒತ್ತಿದರೆ ಹಿಸುಕುವ ತನಕ ಬೇಯಿಸಬೇಕು. ಸಕ್ಕರೆ ಆಮೇಲೆ. ಮೊದಲೇ ಹಾಕಿದರೆ ಕಾಳು ಬಿಗಿದುಕೊಂಡು ಎಷ್ಟು ಬೇಯಿಸಿದರೂ ಬೇಯದು. ಕೊನೆಗೆ ಒಂದು ಚಿಟಿಕೆ ಉಪ್ಪು. ಸೌಟಿನಿಂದ ಗೀರಿದರೆ ಬಾಣಲೆಯ ತಳ ಒಂದು ಗಳಿಗೆ ಕಂಡು ಮೆಲ್ಲಗೆ ಮುಚ್ಚಿಕೊಳ್ಳಬೇಕು. ಆರಿದ ಮೇಲೆ ಅದು ಉಂಡೆಗೆ ಬರುತ್ತದೆ.

ಸಿಪ್ಪೆ ಸಮೇತ ಇದ್ದರೆ ತ್ಸುಬುಆನ್, ಸೋಸಿ ನುಣ್ಣಗೆ ಮಾಡಿದರೆ ಕೊಶಿಆನ್. ಯಾವುದು ಮೇಲು ಎಂದು ಇಲ್ಲಿನ ಮನೆಮನೆಯಲ್ಲೂ ಚರ್ಚೆ. ನಾನು ಸಿಪ್ಪೆಯ ಪಕ್ಷ. ಮೆತ್ತನೆಯ ಮುದ್ದೆಯೊಳಗೆ ಅಲ್ಲೊಂದು ಇಲ್ಲೊಂದು ಇಡೀ ಕಾಳು ನಾಲಿಗೆಗೆ ಸಿಗಬೇಕು. ದಾಯಿನಾಗೊನ್ ಎಂಬ ದಪ್ಪ ಜಾತಿಯ ಅಜ಼ುಕಿ ಬೆಂದರೂ ಸುಲಭಕ್ಕೆ ಒಡೆಯುವುದಿಲ್ಲ. ದಾಯಿನಾಗೊನ್ ಎನ್ನುವುದು ಅರಮನೆಯ ಒಂದು ಹುದ್ದೆ. ಸಮುರಾಯ್‌ಗಳಂತೆ ಹೊಟ್ಟೆ ಸೀಳಿಕೊಳ್ಳುವ ಪ್ರಮೇಯ ಆ ಹುದ್ದೆಯವರಿಗೆ ಇರಲಿಲ್ಲವಾದ್ದರಿಂದ ಹೊಟ್ಟೆ ಒಡೆಯದ ಕಾಳಿಗೆ ಆ ಹೆಸರು ಬಂತು ಎನ್ನುತ್ತಾರೆ.

ಕಾಳಿನ ಹೂರಣಕ್ಕೆ ಒಂದು ಹಳೆಯ ಕಾರಣವನ್ನೂ ಹೇಳುತ್ತಾರೆ. 1349ರಲ್ಲಿ ಚೀನಾದಿಂದ ನಾರಾ ಪಟ್ಟಣಕ್ಕೆ ಬಂದ ರಿನ್ ಜೋಯಿನ್ ಎಂಬಾತ, ಮಾಂಸ ಮುಟ್ಟದ ಸನ್ಯಾಸಿಗಳಿಗಾಗಿ ಮಾಂಸದ ಬದಲು ಅಜ಼ುಕಿ ತುಂಬಿ ಮಂಜು ಎಂಬ ಹಬೆಯ ತಿಂಡಿ ಮಾಡಿದನಂತೆ. ಮಾಂಸ ಹೋದ ಜಾಗಕ್ಕೆ ಕಾಳು ಬಂತು. ಎಡೊ ಕಾಲಕ್ಕೆ ಬರುವಷ್ಟರಲ್ಲಿ ಅಂಥದೇ ಕಾಳು ಮೋಚಿಯೊಳಗೆ ಕೂತು ದಾಯಿಫುಕು ಆಗಿತ್ತು. ಮೊದಲು ಆ ಹೆಸರಿನ ಅರ್ಥ ದೊಡ್ಡ ಹೊಟ್ಟೆ. ಅದೇ ಉಚ್ಚಾರಣೆಯ ಬೇರೆ ಅಕ್ಷರ ಬರೆದು ದೊಡ್ಡ ಭಾಗ್ಯ ಎಂದು ಮಾಡಿಕೊಂಡರು. ತುಂಬಿದ ಹೊಟ್ಟೆಯೇ ಭಾಗ್ಯ ಎನ್ನುವ ಕಾಲಕ್ಕೆ ಅದು ದೊಡ್ಡ ಬದಲಾವಣೆಯೇನೂ ಆಗಿರಲಾರದು.

ಹೂರಣ ಬದಲಾದರೂ ಆಕಾರ ಉಳಿದುಕೊಂಡ ತಿಂಡಿಯೊಂದನ್ನು ಅಮ್ಮನ ಜೊತೆ ಕ್ಯೋಟೊದಲ್ಲಿ ಕಂಡೆ. ತೀರ್ಥಹಳ್ಳಿಯಿಂದ ಅಮ್ಮ ಮೂರು ತಿಂಗಳ ಮಟ್ಟಿಗೆ ಬಂದಿದ್ದಳು. 1617ರಿಂದ ಇರುವ ಕಾಮೆಯಾ ಕಿಯೊನಾಗಾ ಅಂಗಡಿಯಲ್ಲಿ ಕಾಂಕಿದಾನ್ ಎಂಬುದು ಸಿಗುತ್ತದೆ. ತುದಿ ಹಿಡಿದು ನೆರಿಗೆ ಕಟ್ಟಿದ ಚೀಲದ ಆಕಾರ, ಎಳ್ಳೆಣ್ಣೆಯಲ್ಲಿ ಕರಿದದ್ದು, ಒಳಗೆ ಏಳು ಸುಗಂಧ ಬೆರೆಸಿದ ಕೊಶಿಆನ್. ಟಾಂಗ್ ಕಾಲದಲ್ಲಿ ಚೀನಾದಿಂದ ಬಂದ ತಿಂಡಿ ಇದು. ಮೊದಲು ಒಳಗೆ ಚೆಸ್ಟ್‌ನಟ್, ಪರ್ಸಿಮನ್, ಏಪ್ರಿಕಾಟ್ ಇರುತ್ತಿತ್ತು, ಅಜ಼ುಕಿ ಸೇರಿದ್ದು ಎಡೊ ಕಾಲದಲ್ಲಿ. ಅಮ್ಮ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, "ಇದು ಮೋದಕ ಕಣೇ" ಅಂದಳು. ಹೌದು. ಅದನ್ನು ಅರ್ಪಿಸುವುದು ಕಾಂಗಿತೆನ್‌ಗೆ. ಆನೆಮುಖದ ಆ ದೇವರು ನಮ್ಮ ಗಣಪತಿಯೇ. ಅಂಗಡಿಯವರು ಏನೂ ಹೇಳುವ ಮೊದಲೇ ನೆರಿಗೆ ನೋಡಿ ಗುರುತು ಹಿಡಿದ ಅಮ್ಮನ ಕಣ್ಣು ನನಗೆ ಆವತ್ತು ದೊಡ್ಡದಾಗಿ ಕಂಡಿತು.

ಮನೆಯಲ್ಲಿ ಮೋಚಿ ಮಾಡುವವರು ಅಂಕೊ ಒಂದಕ್ಕೇ ಅಂಟಿಕೊಳ್ಳಬೇಕಿಲ್ಲ. ನನ್ನ ಅನುಭವದಲ್ಲಿ ಬಿಳಿ ಅವರೆಯಂಥ ಕಾಳಿನಿಂದ ಮಾಡುವ ಶಿರೊಆನ್ ಇದ್ದರೆ ಅರ್ಧ ಕೆಲಸ ಆದಂತೆ. ಅದು ಯಾರ ಜೊತೆಗೂ ಹೊಂದಿಕೊಳ್ಳುವ ಸೊಸೆ. ಯುಜ಼ು ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆ ತುರಿದು ಹಾಕಿ, ಮಾಚಾ ಎಂಬ ಹಸಿರು ಚಹಾದ ಪುಡಿ ಹಾಕಿ, ಅರೆದ ಕರಿ ಎಳ್ಳು ಹಾಕಿ. ಬಿಳಿ ಮಿಸೊ, ಅಂದರೆ ಹುದುಗಿಸಿದ ಸೋಯಾ ಮುದ್ದೆ, ಬೆರೆಸಿದರೆ ಮಿಸೊಆನ್. ಮೇ 5ರ ಮಕ್ಕಳ ಹಬ್ಬಕ್ಕೆ ಕಾಶಿವಾ ಎಲೆಯಲ್ಲಿ ಸುತ್ತುವ ಮೋಚಿಯೊಳಗೆ ಅದನ್ನೂ ಇಡುತ್ತಾರೆ. ಹೊಸ ಚಿಗುರು ಬರುವ ತನಕ ಕಾಶಿವಾ ಮರ ಹಳೆಯ ಎಲೆ ಉದುರಿಸುವುದಿಲ್ಲ, ಆದ್ದರಿಂದ ವಂಶ ಮುರಿಯದು ಎಂಬ ನಂಬಿಕೆ. ಹೊಸ ವರ್ಷದ ಹಾನಾಬಿರಾ ಮೋಚಿಯಲ್ಲಿ ಮಿಸೊಆನ್ ಜೊತೆ ಗೊಬೊ ಎಂಬ ಗಡ್ಡೆಯ ಸಿಹಿ ತುಂಡು ಎರಡೂ ಕಡೆ ಹೊರಗೆ ಇಣುಕುತ್ತದೆ. ಸೆಂದಾಯ್ ಕಡೆಯವರ ಜ಼ುಂದಾ ಎಳೆ ಸೋಯಾ ಕಾಳು ಜಜ್ಜಿ ಸಕ್ಕರೆ ಸೇರಿಸಿದ್ದು. ಹಸಿ ಅವರೆಕಾಳು ಹಿಸುಕಿ ಬೆಳೆದ ನನ್ನ ಕೈಗೆ ಅದು ಮೊದಲ ದಿನವೇ ಒಗ್ಗಿತು.

ಹಣ್ಣಿನ ಹೂರಣದ ವಿಷಯ ಬೇರೆ. 1980ರ ದಶಕದಲ್ಲಿ ಇಡೀ ಸ್ಟ್ರಾಬೆರಿ ಇಟ್ಟ ಇಚಿಗೊ ದಾಯಿಫುಕು ಬಂತು. ಮೊದಲು ಮಾಡಿದ್ದು ನಾವು ಎನ್ನುವ ಅಂಗಡಿಗಳು ಹಲವು. ಅದರ ಜಾಣತನ ಹಣ್ಣಿಗೂ ಹೊದಿಕೆಗೂ ನಡುವೆ ಇರುವ ಅಂಕೊ ಪದರದಲ್ಲಿದೆ. ಅದಿಲ್ಲದಿದ್ದರೆ ಹಣ್ಣಿನ ನೀರು ನೇರ ಮುದ್ದೆಗೆ ತಾಗಿ ಹೊದಿಕೆ ಕರಗುತ್ತದೆ. ಅದಿದ್ದರೂ ಸಕ್ಕರೆ ಹಣ್ಣಿನ ನೀರನ್ನು ಎಳೆಯುತ್ತಲೇ ಇರುವುದರಿಂದ ಆವತ್ತೇ ತಿಂದು ಮುಗಿಸಬೇಕು. ಐಸ್‌ಕ್ರೀಮ್ ತುಂಬಿದ್ದನ್ನು ಲೊಟ್ಟೆ ಕಂಪನಿ 1981ರಲ್ಲಿ ಯುಕಿಮಿ ದಾಯಿಫುಕು ಎಂದು ತಂದಿತು, ಅಮೆರಿಕದಲ್ಲಿ ಅಂಥದನ್ನು ಹರಡಿದವರು ಲಾಸ್ ಏಂಜಲೀಸ್‌ನ ಫ್ರಾನ್ಸಿಸ್ ಹಾಶಿಮೊಟೊ. ಅದನ್ನು ಕೊಂಡು ತಿನ್ನುವುದೇ ಸರಿ. ಬಿಸಿ ಮುದ್ದೆಗೂ ಐಸ್‌ಕ್ರೀಮಿಗೂ ಮನೆಯ ಅಡುಗೆಕಟ್ಟೆಯಲ್ಲಿ ಸ್ನೇಹ ಆಗುವುದಿಲ್ಲ. ಚಾಕೊಲೇಟ್ ತುಂಡನ್ನೂ ನಾನು ಇಡುವುದಿಲ್ಲ. ಆರಿದ ಮೇಲೆ ಅದು ಗಟ್ಟಿಯಾಗುತ್ತದೆ, ಹಲ್ಲು ಮೆತ್ತನೆಯದನ್ನು ದಾಟಿ ಹೋಗಿ ಕಲ್ಲಿಗೆ ತಾಗಿದಂತೆ. ಹೊದಿಕೆ, ಹೂರಣ ಎರಡೂ ಒಂದೇ ಕಡಿತಕ್ಕೆ ಒಟ್ಟಿಗೆ ಬರಬೇಕು.

ಕಾಯಿ ಬೆಲ್ಲದ ಹೂರಣ ಮಾಡಿ ಈ ಹದ ತಪ್ಪಿಸಿದ್ದೆ. ಕಡುಬಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೋ ಮೋಚಿಗೆ ಅಷ್ಟೇ ಒಪ್ಪದು. ಬಿಸಿ ಮುದ್ದೆಯ ಕಾವಿಗೆ ಬೆಲ್ಲ ನೀರೊಡೆದು ಅಡಿಯಿಂದ ಸೋರಿತು, ತುರಿ ಮಾತ್ರ ಒಣಗಿ ಉಳಿಯಿತು. ಸಂಕ್ರಾಂತಿಗೆ ಎಳ್ಳು ಬೆಲ್ಲ ಹಿಡಿದೆ. ಕರಿ ಎಳ್ಳನ್ನು ಹುರಿದು, ಎಣ್ಣೆ ಬಿಟ್ಟು ತಾನೇ ಮುದ್ದೆಯಾಗುವ ತನಕ ಅರೆದು, ಪುಡಿ ಬೆಲ್ಲವನ್ನು ಸ್ವಲ್ಪ ಶಿರೊಆನ್ ಜೊತೆ ಸೇರಿಸಿದರೆ ಸೋರುವುದಿಲ್ಲ. ಅಸ್ಸಾಮಿನವರು ಇದೇ ದಿನಗಳಲ್ಲಿ ಮಾಘ ಬಿಹುವಿಗೆ ಬೋರಾ ಎಂಬ ಅಂಟಕ್ಕಿಯ ಹಿಟ್ಟಿನೊಳಗೆ ಎಳ್ಳು ಬೆಲ್ಲ ಇಟ್ಟು ಪೀಠಾ ಸುಡುತ್ತಾರೆ. ಅಂಟಕ್ಕಿ ಮತ್ತು ಎಳ್ಳು ಒಬ್ಬರನ್ನೊಬ್ಬರು ಬಹಳ ಹಿಂದಿನಿಂದ ಬಲ್ಲರು.

ಎಲ್ಲ ಹೂರಣಗಳಲ್ಲೂ ನನ್ನ ಮನಸ್ಸನ್ನು ಹಿಡಿದದ್ದು ಕಾಗಾವಾ ಪ್ರಾಂತ್ಯದ್ದು. ಶಿಕೊಕು ದ್ವೀಪದ ಆ ನಾಡಿನ ಹಳೆಯ ಹೆಸರು ಸಾನುಕಿ. ಉಪ್ಪು, ಸಕ್ಕರೆ, ಹತ್ತಿ ಈ ಮೂರು ಬಿಳಿಗಳಿಗೆ ಹೆಸರಾದ ಊರು. ಅಲ್ಲಿನ ವಾಸಾಂಬೊನ್ ಸಕ್ಕರೆ ನಾಲಿಗೆಯ ಮೇಲಿಟ್ಟರೆ ಮಂಜಿನಂತೆ ಕರಗುತ್ತದೆ. ಹಿಂದೆ ಆ ಸಕ್ಕರೆ ಕಬ್ಬು ಬೆಳೆದವರಿಗೇ ಸಿಗುತ್ತಿರಲಿಲ್ಲ, ಅದು ಆಳುವವರ ಸೊತ್ತು. ಹೊಸ ವರ್ಷದ ಒಂದು ದಿನವಾದರೂ ಸಿಹಿ ತಿನ್ನಬೇಕೆಂದು ಜನ ಸಿಹಿ ಅಂಕೊವನ್ನು ಮೋಚಿಯೊಳಗೆ ಅಡಗಿಸಿ, ಆ ಮೋಚಿಯನ್ನು ಬಿಳಿ ಮಿಸೊ ಸಾರಿನಲ್ಲಿ ಮುಳುಗಿಸಿದರು ಎನ್ನುತ್ತಾರೆ. ಈಗಲೂ ಅಲ್ಲಿ ಹೊಸ ವರ್ಷದ ಸಾರು ಅದೇ. ಮೂಲಂಗಿ, ಕ್ಯಾರೆಟ್ ಬಿಲ್ಲೆಗಳ ನಡುವೆ ಬಿಳಿ ಉಂಡೆ ತೇಲುತ್ತದೆ. ಕಚ್ಚಿದರೆ ಉಪ್ಪು ಸಾರಿನೊಳಗಿಂದ ಕಪ್ಪು ಸಿಹಿ ಹರಿದು ಬರುತ್ತದೆ. ಉಪ್ಪು ಸಾರಿನಲ್ಲಿ ಸಿಹಿಯೇ ಎಂದು ಮೂಗು ಮುರಿಯುವ ಟೋಕಿಯೊದವರನ್ನು ಕಂಡಿದ್ದೇನೆ. ನಾನು ಒಬ್ಬಟ್ಟಿನ ಸಾರು ಉಂಡು ಬೆಳೆದವಳು, ನನಗೆ ಅದು ಒಂದು ತುತ್ತಿಗೂ ವಿಚಿತ್ರ ಅನ್ನಿಸಲಿಲ್ಲ. ಬಟ್ಟಲು ಬರಿದಾಗುವಾಗ ಗಂಟಲು ಕಟ್ಟಿತ್ತು, ಅಷ್ಟೇ.

ಅಮ್ಮ ಊರಿಗೆ ಹೊರಡುವ ಹಿಂದಿನ ವಾರ ಪಕ್ಕದ ಮನೆಯ ಹಿರಿಯಾಕೆಯನ್ನು ಕರೆದೆ. ಇಬ್ಬರೂ ಎಪ್ಪತ್ತು ದಾಟಿದವರು, ಇಬ್ಬರಿಗೂ ಇನ್ನೊಬ್ಬರ ಭಾಷೆಯ ಒಂದು ಮಾತೂ ಬರದು. ಹಿರಿಯಾಕೆ ತಂದ ಅಂಕೊವನ್ನು ಅಮ್ಮ ಬೆರಳಲ್ಲಿ ತೆಗೆದು ಬಾಯಿಗಿಟ್ಟು, "ಹೂರಣ ಚೊಲೋ ಬಂದಿದೆ, ಏಲಕ್ಕಿ ಯಾಕೆ ಹಾಕ್ಲಿಲ್ಲ ಕೇಳೇ" ಅಂದಳು. ಕೇಳಿದೆ. ಏಲಕ್ಕಿ ಹಾಕಿದರೆ ಕಾಳಿನ ವಾಸನೆ ಎಲ್ಲಿಗೆ ಹೋಗಬೇಕು ಎಂದು ಅವರು ಮರುಪ್ರಶ್ನೆ ಹಾಕಿದರು. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, ಅದೂ ಸರಿ ಅನ್ನುವಂತೆ ತಲೆಯಾಡಿಸಿದಳು. ಎಳ್ಳಿನ ಹೂರಣಕ್ಕೆ ಮಾತ್ರ ಏಲಕ್ಕಿ ಹಾಕಿಯೇ ಬಿಟ್ಟಳು. ಪ್ರತಿ ಹೊಸ ವರ್ಷಕ್ಕೂ ಟೋಕಿಯೊದ ಅಗ್ನಿಶಾಮಕ ಇಲಾಖೆ ಮುದುಕರ ಗಂಟಲಿಗೆ ಮೋಚಿ ಸಿಕ್ಕೀತು, ಸಣ್ಣ ತುಂಡು ಮಾಡಿ ಕೊಡಿ ಎಂದು ಎಚ್ಚರಿಸುತ್ತದೆ. ಹಾಗಾಗಿ ನಾನು ಕತ್ತರಿ ತೊಳೆದು ಪಕ್ಕದಲ್ಲೇ ಇಟ್ಟುಕೊಂಡಿದ್ದೆ.

ಹಿಟ್ಟು ನಾದುವ ಹೊತ್ತಿಗೆ ಹಿರಿಯಾಕೆ ಎಂದಿನಂತೆ ತಮ್ಮ ಕಿವಿಯ ಹಾಲೆ ಹಿಂಡಿ, ಹಿಟ್ಟು ಹಿಂಡಿ, ಸಾಕು ಎಂದು ಕೈ ಆಡಿಸಿದರು. ಅವರ ಕಿವಿ ಚುಚ್ಚಿಸದ ಕಿವಿ. ಅಮ್ಮನಿಗೆ ಅರ್ಥವಾಯಿತು. ಬೆಂಡೋಲೆಯ ತಿರುಪು ಬಿಚ್ಚಿ ಮೇಜಿನ ಮೇಲಿಟ್ಟು, ಅರವತ್ತು ವರ್ಷ ಓಲೆ ಹೊತ್ತು ಜೋತುಬಿದ್ದ ತನ್ನ ಹಾಲೆಯನ್ನು ಹಿಂಡಿಕೊಂಡಳು. ಹಿಟ್ಟನ್ನು ಮುಟ್ಟಿ ನೋಡಿ ಇಲ್ಲ ಎಂದು ತಲೆಯಾಡಿಸಿದಳು. ಹಿರಿಯಾಕೆ ಕೈ ಚಾಚಿ, ಕೇಳಿದಂತೆ ಒಮ್ಮೆ ಅಮ್ಮನ ಮುಖ ನೋಡಿ, ಅವಳ ಕಿವಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದರು. ಆಮೇಲೆ ಇನ್ನೆರಡು ಚಮಚ ನೀರು ಹಾಕಿದರು.